ಕಡೂರು ಸೀಮೆಯ ಆಂಗ್ಲ ಸಂಶೋಧನ ಗದ್ಯದಲ್ಲಿ ಅಲ್ಪವಿರಾಮ: ಒಂದು ತಾತ್ತ್ವಿಕ ಅಧ್ಯಯನ

1. ಪೀಠಿಕೆ

ಪ್ರಸ್ತುತ ಅಧ್ಯಯನವು ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಪರಿಪ್ರೇಕ್ಷ್ಯದಲ್ಲಿ ಆಂಗ್ಲ ಸಂಶೋಧನ ಲೇಖನಗಳೊಳಗೆ ಸಂಭವಿಸುವ, ಸಂಭವಿಸಬೇಕಾಗಿದ್ದೂ ಸಂಭವಿಸದಿರುವ, ಹಾಗೂ ಸಂಭವಿಸಬಾರದಾಗಿದ್ದೂ ಸಂಭವಿಸಿಬಿಟ್ಟಿರುವ ಅಲ್ಪವಿರಾಮಗಳೊಂದಿಗೆ ಅಂತರಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುವ ಒಂದು ವಿನಮ್ರ ಪ್ರಯತ್ನವಾಗಿರುತ್ತದೆ. ಮೇಲಿನ ವಾಕ್ಯದಲ್ಲಿ ಮೂರು ಅಲ್ಪವಿರಾಮಗಳಿದ್ದು ಅವುಗಳ ಸಂಪೂರ್ಣ ಹೊಣೆ ಸಂಶೋಧಕನದೇ ಹೊರತು ಮಾರ್ಗದರ್ಶಕರದಲ್ಲ.

ಪ್ರಾಕ್ಕಲ್ಪನೆ: ಈ ಸೀಮೆಯವರಿಗೆ ಕಾಮಾ ಹಾಕಲು ಬರುವುದಿಲ್ಲ. ವ್ಯಾಪ್ತಿ: ಬೀರೂರು ಜಂಕ್ಷನ್ನಿನಿಂದ ಅಮೃತಾಪುರದವರೆಗೆ. ಮಿತಿ: ಸಂಶೋಧಕನ ತಾಳ್ಮೆ.

ಪ್ರಾಕ್ಕಲ್ಪನೆ ನನ್ನದಲ್ಲ, ಒಂದು ನಿಯತಕಾಲಿಕದ್ದು. ನಮ್ಮ ಕಡೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕಿಯೊಬ್ಬರು (ಇಲ್ಲಿಂದ ಮುಂದೆ 'ಸಂಶೋಧಕಿ') ಕೆರೆ ನೀರಾವರಿಯ ಮೇಲೊಂದು ಇಂಗ್ಲಿಷ್ ಲೇಖನ ಬರೆದು ಆ ನಿಯತಕಾಲಿಕಕ್ಕೆ ಕಳಿಸಿದ್ದರು. ಬಾಬಾಬುಡನ್‌ಗಿರಿಯ ಮಗ್ಗುಲಲ್ಲಿ ಹುಟ್ಟುವ ವೇದಾ ಹೊಳೆ ಅಯ್ಯನಕೆರೆಯನ್ನೂ ಅವತಿ ಹೊಳೆ ಮದಗದಕೆರೆಯನ್ನೂ ತುಂಬಿಸಿ ಮುಂದೆ ಒಂದಾಗಿ ವೇದಾವತಿಯಾಗುವುದು, ಮದಗದಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗಳಿಗೆ ಜೀವ ಬರುವುದು, ಯಾವ ತೂಬನ್ನು ಯಾವಾಗ ಎಷ್ಟು ಎತ್ತಬೇಕೆಂದು ನೀರುಗಂಟಿ ಲೆಕ್ಕ ಹಾಕುತ್ತಿದ್ದ ಬಗೆ, ಎಲ್ಲ ಅದರಲ್ಲಿತ್ತು. ಲೇಖನ ವಾಪಸು ಬಂತು. ಜೊತೆಗಿದ್ದ ಮೇಲ್‌ನಲ್ಲಿ ತೂಬಿನ ಬಗ್ಗೆ, ಕೋಡಿಯ ಬಗ್ಗೆ, ನೀರುಗಂಟಿಯ ಬಗ್ಗೆ ಒಂದಕ್ಷರವಿರಲಿಲ್ಲ. ಕಾಮಾಗಳ ಬಳಕೆ ದೋಷಪೂರಿತವಾಗಿದೆ, ಇಂಗ್ಲಿಷ್ ಮಾತೃಭಾಷೆಯವರೊಬ್ಬರಿಂದ ಓದಿಸಿ ಕಳಿಸತಕ್ಕದ್ದು ಎಂದಿತ್ತು. ಅಂಥವರು ಸಿಗದವರ ಅನುಕೂಲಕ್ಕೆ ಕೆಳಗಡೆ ಅದೇ ಪ್ರಕಾಶಕರ ತಿದ್ದುಪಡಿ ಸೇವೆಯ ಲಿಂಕೂ ಇತ್ತು. ದರ ಡಾಲರಿನಲ್ಲಿ.

ಸೂಚನೆಯನ್ನು ಗೌರವಿಸಿ ಕ್ಷೇತ್ರಕಾರ್ಯ ಕೈಗೊಳ್ಳಲಾಯಿತು. ಇಂಗ್ಲಿಷ್ ಮಾತೃಭಾಷೆಯವರು ಆಗೊಮ್ಮೆ ಈಗೊಮ್ಮೆ ಕಡೂರು ಸ್ಟೇಷನ್ನಿನಲ್ಲಿ ಇಳಿಯುವುದುಂಟು. ಆದರೆ ಬೆನ್ನಿಗೆ ಚೀಲ ಏರಿಸಿಕೊಂಡು ಚಿಕ್ಕಮಗಳೂರಿನ ಹೋಂಸ್ಟೇ ಹುಡುಕಿ ಹೊರಟವರನ್ನು ಅಡ್ಡಗಟ್ಟಿ "ಸ್ವಲ್ಪ ಈ ಪೇಪರಿನ ಕಾಮಾ ನೋಡಿಕೊಡ್ತೀರಾ" ಎಂದು ಕೇಳುವ ವಿಧಾನಕ್ಕೆ ಸಂಶೋಧನಾ ನೈತಿಕ ಸಮಿತಿಯ ಅನುಮತಿ ದೊರೆಯದೆ ಕ್ಷೇತ್ರಕಾರ್ಯವನ್ನು ಕೈಬಿಡಲಾಯಿತು. ಸಮಿತಿ ಎಂದರೆ ನಾನು ಮತ್ತು ಸಂಶೋಧಕಿ.

2. ಲಕ್ಷಣ ನಿರೂಪಣೆ

ಲಕ್ಷಣ ಹೇಳದೆ ವಸ್ತುವನ್ನು ಮುಟ್ಟಬಾರದು. ಅದರಂತೆ: "ಲಾಂಗೂಲವತ್ತ್ವೇ ಸತಿ ಬಿಂದುತ್ವಂ ಅಲ್ಪವಿರಾಮತ್ವಮ್." ಬಾಲವೂ ಇದ್ದು ಚುಕ್ಕಿಯೂ ಆಗಿರುವುದು ಯಾವುದೋ ಅದೇ ಅಲ್ಪವಿರಾಮ. ಈ ಸೂತ್ರ ಯಾವ ಪ್ರಾಚೀನರದೂ ಅಲ್ಲ, ಕಳೆದ ಭಾನುವಾರದ್ದು. ಇದರಲ್ಲಿ ಅತಿವ್ಯಾಪ್ತಿ ದೋಷವಿದೆಯೆಂದು ಪೂರ್ವಪಕ್ಷ: ಮಳೆಗಾಲದಲ್ಲಿ ಮದಗದಕೆರೆ ಅಂಚಿನ ಗೊದಮೊಟ್ಟೆಗಳಿಗೂ ಈ ಲಕ್ಷಣ ಅನ್ವಯಿಸುತ್ತದೆ. ಆದ್ದರಿಂದ "ಕಾಗದಸ್ಥತ್ವೇ ಸತಿ" ಎಂದು ಸೇರಿಸಿಕೊಳ್ಳತಕ್ಕದ್ದು. ಗೊದಮೊಟ್ಟೆ ಹೋಯಿತು. ಆದರೆ ಅರ್ಧವಿರಾಮದ ಕೆಳಭಾಗ ಉಳಿಯಿತು. ಅದನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ಅವ್ಯಾಪ್ತಿ ದೋಷ ಇನ್ನೂ ಗಂಭೀರ. ಇಲ್ಲದಿರುವ ಕಾಮಾಕ್ಕೆ ಬಾಲವೆಲ್ಲಿಯದು? ಅಭಾವವೂ ಒಂದು ಪದಾರ್ಥವೆಂದು ನಮ್ಮ ತಾರ್ಕಿಕರು ವಾದಿಸಿದಾಗ ನಕ್ಕವರು ಅಮೆರಿಕದ ಮೇನ್ ರಾಜ್ಯವನ್ನು ನೋಡಬೇಕು. ಅಲ್ಲಿ ಓಕ್‌ಹರ್ಸ್ಟ್ ಡೈರಿಯ ಹಾಲಿನ ಲಾರಿ ಚಾಲಕರು ಓವರ್‌ಟೈಂ ಕೂಲಿ ಕೇಳಿ ದಾವೆ ಹೂಡಿದರು. ಕಾನೂನಿನಲ್ಲಿದ್ದ ಒಂದು ಪಟ್ಟಿಯ ಕೊನೆಯ ಪದಗಳ ನಡುವೆ ಕಾಮಾ ಇರಲಿಲ್ಲ. ಅದೊಂದು ಇಲ್ಲದ್ದರಿಂದ 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಚಾಲಕರ ಪರ ನಿಂತಿತು, ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು. ಅಭಾವಕ್ಕೆ ಇದಕ್ಕಿಂತ ಹೆಚ್ಚಿನ ಬೆಲೆಯನ್ನು ಯಾವ ವೈಶೇಷಿಕನೂ ಕಟ್ಟಿರಲಿಕ್ಕಿಲ್ಲ.

ನಮ್ಮ ಸುಪ್ರೀಂ ಕೋರ್ಟಿಗೂ ಈ ವಿಷಯದಲ್ಲಿ ಎರಡು ಮನಸ್ಸು. 1952ರ ಅಶ್ವಿನಿಕುಮಾರ್ ಘೋಷ್ ಪ್ರಕರಣದಲ್ಲಿ, ಶಾಸನದ ಅರ್ಥ ಹಿಡಿಯುವಾಗ ವಿರಾಮಚಿಹ್ನೆ ಗೌಣ ಎಂಬ ಮಾತು ಬಂತು. 1979ರಲ್ಲಿ ಔಷಧ ಕಾಯ್ದೆಯ ಪ್ರಕರಣವೊಂದರಲ್ಲಿ 'ಸ್ಟಾಕ್ಸ್' ಎಂಬ ಪದದ ಮುಂದೆ ಕಾಮಾ ಇಲ್ಲದ್ದನ್ನೇ ಹಿಡಿದು, ಸುಮ್ಮನೆ ದಾಸ್ತಾನು ಇಟ್ಟುಕೊಂಡರೆ ಆ ಕಲಮಿನಡಿ ಅಪರಾಧವಾಗದು, ಮಾರಾಟಕ್ಕೆ ಇಟ್ಟಿದ್ದರೆ ಮಾತ್ರ ಆಗುತ್ತದೆ ಎಂದಿತು. ಲಂಡನ್ನಿನಲ್ಲಿ 1916ರಲ್ಲಿ ರೋಜರ್ ಕೇಸ್‌ಮೆಂಟ್ ಎಂಬ ಐರಿಷ್ ದೇಶಭಕ್ತನ ವಿಚಾರಣೆಯಲ್ಲಿ 1351ರ ರಾಜದ್ರೋಹ ಶಾಸನದ ಮೂಲ ಸುರುಳಿಯಲ್ಲಿ ಗೆರೆ ಎಲ್ಲಿದೆ ಎಂದು ನ್ಯಾಯಾಧೀಶರೇ ಹೋಗಿ ಕಣ್ಣಿಟ್ಟು ನೋಡಿದರು. ಆಮೇಲೆ ಅವನನ್ನು ಗಲ್ಲಿಗೆ ಹಾಕಿದರು. ಇಷ್ಟು ಹೇಳಿದ್ದು ಕಾಮಾ ಅಲ್ಪವಲ್ಲ ಎಂದು ಸಾಧಿಸಲು. ಅದನ್ನು ನಾನು ಒಪ್ಪುತ್ತೇನೆ. ಮುಂದೆ ಬೇಕಾಗುತ್ತದೆ.

3. ಚಾರಿತ್ರಿಕ ಹಿನ್ನೆಲೆ

ಈ ಸೀಮೆಯವರು ಕಾಮಾ ಕಲಿಯದ್ದು ಸೋಮಾರಿತನದಿಂದಲ್ಲ, ಪರಂಪರೆಯಿಂದ ಎಂಬುದು ಈ ಪ್ರಬಂಧದ ಮೌಲಿಕ ಶೋಧ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆಯಷ್ಟೆ. ಅಲ್ಲಿಯ ಶಾಸನ ಬರೆದವನು ಕವಿ ಜನ್ನ. ಕಲ್ಲಿನ ಮೇಲೆ ಪದಕ್ಕೂ ಪದಕ್ಕೂ ನಡುವೆ ಜಾಗವೇ ಇಲ್ಲ, ಇನ್ನು ಕಾಮಾದ ಮಾತೆಲ್ಲಿ ಬಂತು! ಆ ಜನ್ನನ ಸೋದರಳಿಯ ಕೇಶಿರಾಜ. ಇಂತಿಂಥ ಅಕ್ಷರ ಮುಗಿದ ಮೇಲೆ ನಿಲ್ಲಲೇಬೇಕು ಎಂದು ಸಂಸ್ಕೃತ ಛಂದಸ್ಸು ಹಾಕಿದ ಯತಿಯನ್ನು ಕನ್ನಡ ಕವಿಗಳು ಲೆಕ್ಕಿಸದೆ ದಾಟಿಕೊಂಡು ಹೋದಾಗ, ಈ ಕೇಶಿರಾಜ ಅದನ್ನು ತಪ್ಪೆನ್ನಲಿಲ್ಲ. 'ಶಬ್ದಮಣಿದರ್ಪಣ'ದಲ್ಲಿ ಕನ್ನಡದ ಹೆಚ್ಚುಗಾರಿಕೆಗಳ ಪಟ್ಟಿಗೇ ಸೇರಿಸಿದ. ಮಾವ ಶಾಸನದಲ್ಲಿ ಮಾಡಿದ್ದನ್ನು ಅಳಿಯ ಶಾಸ್ತ್ರ ಮಾಡಿದ. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ವಾರ್ಧಕ ಷಟ್ಪದಿಯಲ್ಲಿ ಪದ್ಯಕ್ಕೆ 144 ಮಾತ್ರೆಯಂತೆ 'ಜೈಮಿನಿ ಭಾರತ' ಬರೆದು ಮುಗಿಸಿದ. ಗಮಕಿಗಳು ಇಂದಿಗೂ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಹಾಡುತ್ತಾರೆ. ಅವರಿಗೆ ಯಾರೂ ಮೇಲ್ ಕಳಿಸಿಲ್ಲ.

ಕನ್ನಡಕ್ಕೆ ಕಾಮಾ ಬಂದದ್ದೇ ಅಚ್ಚಿನ ಮೊಳೆಗಳ ಜೊತೆ. ಅದಕ್ಕೆ ಮುಂಚೆ ನಮಗೆ ಅದರ ಕೊರತೆ ಕಾಡಿರಲಿಲ್ಲ. ಪಟ್ಟಿ ಹೇಳಬೇಕಾದರೆ ತೆಂಗೂ ಅಡಿಕೆಯೂ ರಾಗಿಯೂ ಎಂದು ಪದದ ಬಾಲಕ್ಕೇ ಕೊಂಡಿ. ಕೆಲಸಗಳನ್ನು ಹೇಳಬೇಕಾದರೆ, ಎದ್ದು ಮುಖ ತೊಳೆದು ರೊಟ್ಟಿ ತಿಂದು ಬಸ್ಸು ಹತ್ತಿ ಬೀರೂರಿಗೆ ಹೋದ, ಮುಗಿಯಿತು. ಕೊನೆಯ ಕ್ರಿಯಾಪದ ಬರುವವರೆಗೆ ಕೇಳುವವನು ಕಾಯುತ್ತಾನೆ. ಇದೇ ಮನುಷ್ಯ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಪ್ರತಿ ಕ್ರಿಯೆಯೂ ತಾನೇ ಪೂರ್ಣವಾಗಿ ನಿಲ್ಲುತ್ತೇನೆ ಎಂದು ಹಟ ಹಿಡಿಯುತ್ತದೆ. ಅವನ್ನು ಒಂದಕ್ಕೊಂದು ಕಟ್ಟಲು ಕೈಗೆ ಸಿಕ್ಕಿದ್ದು ಕಾಮಾ. ಕಟ್ಟುತ್ತಾನೆ. ಅದಕ್ಕೆ 'ಕಾಮಾ ಸ್ಪ್ಲೈಸ್' ಎಂದು ಹೆಸರಿಟ್ಟು ಕೆಂಪು ಗೆರೆ ಎಳೆಯುತ್ತಾರೆ.

4. ವರ್ಗೀಕರಣ

ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರವಿದೆ. ಅಮೃತಮಹಲ್ ಎಂಬ ಒಂದೇ ಹೆಸರಿನಡಿ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂದು ಮೂರು ಬಗೆ ಕಂಡವರು ಹಿಂದಿನವರು. ಅವರ ಹಾದಿಯಲ್ಲೇ ಸ್ಥಳೀಯ ಕಾಮಾಗಳನ್ನು ಎಂಟು ತಳಿಗಳಾಗಿ ವಿಂಗಡಿಸಲಾಗಿದೆ.

4.1 ಶ್ವಾಸಜನ್ಯ. ಕಾಮಾ ಬಂದಲ್ಲಿ ಒಂದು ಎಣಿಸು, ಪೂರ್ಣವಿರಾಮ ಬಂದಲ್ಲಿ ಎರಡು ಎಣಿಸು ಎಂದು ಪ್ರೈಮರಿ ಶಾಲೆಯ ಮೇಷ್ಟ್ರು ಹೇಳಿದ್ದನ್ನು ತಲೆಕೆಳಗು ಮಾಡಿದಾಗ ಹುಟ್ಟುವಂಥದ್ದು. ಎಲ್ಲಿ ಉಸಿರು ಕಟ್ಟಿತೋ ಅಲ್ಲಿ ಕಾಮಾ. ಕರ್ತೃಪದ ಉದ್ದವಾದಷ್ಟೂ ಕ್ರಿಯಾಪದಕ್ಕೆ ಮುಂಚೆ ಇದು ಬಂದೇ ಬರುತ್ತದೆ. ರೆನ್ ಅಂಡ್ ಮಾರ್ಟಿನ್ ಓದಿ ಬೆಳೆದ ಪರೀಕ್ಷಕರಿಗೆ ಇದರಷ್ಟು ಮಹಾಪಾತಕ ಬೇರೊಂದಿಲ್ಲ.

4.2 ಭಯಜನ್ಯ. 'ಹೌಎವರ್' ಕಂಡರೆ ಹಿಂದೆ ಮುಂದೆ ಎರಡೂ ಕಡೆ. ಇದರ ಸೋಂಕು ಈಗ ಕನ್ನಡಕ್ಕೂ ತಗುಲಿ, ಕನ್ನಡ ಮಹಾಪ್ರಬಂಧಗಳಲ್ಲೂ "ಆದಾಗ್ಯೂ," ಎಂದು ಬರೆದು ಕಾಮಾ ಹಾಕಿ ಉಸಿರು ಬಿಡುವವರಿದ್ದಾರೆ.

4.3 ಯಂತ್ರಜನ್ಯ. ಇದರ ಆವಾಸಸ್ಥಾನ ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿ. ಝೆರಾಕ್ಸ್, ಲ್ಯಾಮಿನೇಶನ್, ಸ್ಪೈರಲ್ ಬೈಂಡಿಂಗ್, ಪಹಣಿ, ಮಹಾಪ್ರಬಂಧ, ಎಲ್ಲ ಒಂದೇ ಮೇಜಿನ ಮೇಲೆ. ಸಂಶೋಧಕಿ ವಾಪಸು ಬಂದ ಲೇಖನ ಹಿಡಿದು ಹೋದಾಗ ಅಲ್ಲಿಯ ಹುಡುಗ ಹೇಳಿದ ಸಿದ್ಧಾಂತವನ್ನು ಇದ್ದ ಹಾಗೇ ಕೊಡುತ್ತೇನೆ: "ಮೇಡಂ, ನೀಲಿ ಗೆರೆ ಬಂತು ಅಂದ್ರೆ ಒಂದ್ ಕಾಮಾ ಒತ್ತಿ ನೋಡ್ಬೇಕು. ಹೋಗ್ಲಿಲ್ಲ ಅಂದ್ರೆ ಇರೋದನ್ನ ತೆಗೀಬೇಕು. ಎರಡಕ್ಕೂ ಹೋಗ್ಲಿಲ್ಲ ಅಂದ್ರೆ ಇಗ್ನೋರ್ ಕೊಟ್ರಾಯ್ತು." ಕಾಮಾ ಕುರಿತು ನಾನು ಓದಿದ, ಕೇಳಿದ, ಸೆಮಿನಾರುಗಳಲ್ಲಿ ಕೂತು ಸಹಿಸಿದ ಎಲ್ಲದರ ನಡುವೆ ಮೂರೇ ವಾಕ್ಯದಲ್ಲಿ ಮುಗಿದ ಸಿದ್ಧಾಂತ ಇದೊಂದೇ.

4.4 ಪರಿಶೀಲಕಜನ್ಯ. ಮೊದಲ ಪರಿಶೀಲಕರು ತೆಗೆಯಿರಿ ಎಂದದ್ದನ್ನು ಎರಡನೆಯ ಪರಿಶೀಲಕರು ಹಾಕಿರಿ ಎನ್ನುವುದರಿಂದ

ಸಾಕು. ಇನ್ನು ನಾಲ್ಕು ತಳಿಗಳಿದ್ದವು, ಒಂದಕ್ಕೆ ಸಂಸ್ಕೃತದ ಹೆಸರೂ ಸಿದ್ಧವಾಗಿತ್ತು. ಬೇಡ. ಸಂಶೋಧಕಿಯ ಲೇಖನದ ಒಂದು ವಾಕ್ಯವನ್ನು ತೋರಿಸುವುದು ಈಗ ಹೆಚ್ಚು ಮುಖ್ಯ.

ಮದಗದಕೆರೆಯ ಕೆಳಗಿನ ಒಂದು ಸಣ್ಣ ಕೆರೆ, ಹೆಸರು ಬೇಡ. ಅದರ ಅಂಗಳವನ್ನು ಬೆರಳೆಣಿಕೆಯ ಮನೆಯವರು ಒತ್ತುವರಿ ಮಾಡಿಕೊಂಡಿದ್ದಾರೆ. ಸರ್ವೇ ಮಾಡಲು ಬಂದಾಗ ಅಡ್ಡಿ ಮಾಡಿದವರು ಅವರೇ. ಉಳಿದ ಊರು ಸರ್ವೇ ಬೇಕೆಂದೇ ಅರ್ಜಿ ಕೊಟ್ಟದ್ದು. ಸಂಶೋಧಕಿ ಬರೆದಿದ್ದರು: "ದ ಫಾರ್ಮರ್ಸ್, ಹೂ ಹ್ಯಾಡ್ ಎನ್‌ಕ್ರೋಚ್ಡ್ ಆನ್ ದ ಟ್ಯಾಂಕ್ ಬೆಡ್, ಅಪೋಸ್ಡ್ ದ ಸರ್ವೇ." ಎರಡು ಕಾಮಾ. ಅವೆರಡೂ ಇಲ್ಲದಿದ್ದರೆ ಒತ್ತಿದ ರೈತರು ಮಾತ್ರ ಅಡ್ಡಿ ಮಾಡಿದರು ಎಂದರ್ಥ. ಇದ್ದರೆ, ಆ ಊರಿನ ರೈತರೆಲ್ಲರೂ ಒತ್ತಿದವರು, ಎಲ್ಲರೂ ಅಡ್ಡಿ ಮಾಡಿದವರು. ಎರಡು ಬಾಲದ ಚುಕ್ಕಿಗಳಲ್ಲಿ ಇಡೀ ಊರು ಕಳ್ಳರ ಊರಾಯಿತು. ಅರ್ಜಿಗೆ ಸಹಿ ಹಾಕಿದವನೂ ಕಳ್ಳ, ಕೆರೆಗಾಗಿ ದಾಯಾದಿಯ ಜೊತೆ ಮಾತು ಬಿಟ್ಟವನೂ ಕಳ್ಳ.

ಪರಿಶೀಲಕರು ಲೇಖನದ ತುಂಬ ಕಾಮಾಗಳಿಗೆ ಗುರುತು ಹಾಕಿದ್ದರು. 'ಹೌಎವರ್' ಮುಂದೆ ಹಾಕಿದ್ದರು. ತೆಂಗು ಅಡಿಕೆ ರಾಗಿಯ ಪಟ್ಟಿಯಲ್ಲಿ 'ಅಂಡ್'ಗೆ ಮುಂಚೆ ಆಕ್ಸ್‌ಫರ್ಡ್ ಕಾಮಾ ಇಲ್ಲವೆಂದು ಹಾಕಿದ್ದರು. ಇಡೀ ಲೇಖನದಲ್ಲಿ ಜನರ ಮಾನ ಕಳೆಯುತ್ತಿದ್ದ ಈ ಎರಡು ಕಾಮಾಗಳ ತಂಟೆಗೆ ಮಾತ್ರ ಹೋಗಿರಲಿಲ್ಲ. ಹೋಗುವುದಾದರೂ ಹೇಗೆ? ಅದು ತಪ್ಪೆಂದು ತಿಳಿಯಬೇಕಾದರೆ ಹಿಂದಿನ ಪುಟ ಓದಿರಬೇಕು. ಯಾರು ಒತ್ತಿದರು, ಯಾರು ಒತ್ತಲಿಲ್ಲ ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಕಾಮಾ ಗೊತ್ತಿದೆ ಎಂದು ಮೆರೆಯುವವರಿಗೆ ಕಾಮಾ ಗೊತ್ತಿಲ್ಲ. ಗೊತ್ತಿರುವುದು ಅದನ್ನು ಹಾಕುವ ಜಾಗ ಮಾತ್ರ. ಬಿಸಿಲಲ್ಲಿ ಏರಿಯ ಮೇಲೆ ನಡೆದು, ಹಲ್ಲಿಲ್ಲದ ನೀರುಗಂಟಿಯ ಮಾತನ್ನು ಗಂಟೆಗಟ್ಟಲೆ ಬರೆದುಕೊಂಡು, ಸೆಮಿಸ್ಟರ್ ಮುಗಿದರೆ ಸಂಬಳವೂ ನಿಲ್ಲುವ ಕೆಲಸದಲ್ಲಿದ್ದುಕೊಂಡು ಒಬ್ಬಾಕೆ ಬರೆದದ್ದನ್ನು ಓದದೆ, ಮೇಲಿನಿಂದ ಚುಕ್ಕಿ ಎಣಿಸಿ ಹಿಂದಕ್ಕೆ ತಳ್ಳುವುದಕ್ಕೆ ಪರಿಶೀಲನೆ ಎಂಬ ಹೆಸರು ಬೇರೆ.

2010ರಲ್ಲಿ ಯುಜಿಸಿ ಎಪಿಐ ಎಂಬ ಅಂಕದ ಲೆಕ್ಕ ತಂದಾಗಿನಿಂದ ಅಧ್ಯಾಪಕರಿಗೆ ಲೇಖನ ಎಂದರೆ ಅಂಕ. ದುಡ್ಡು ಕಟ್ಟಿದರೆ ಕಣ್ಣುಮುಚ್ಚಿ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಯಂತೆ ಎದ್ದವು. ಅವನ್ನು ತಡೆಯಲು 'ಕೇರ್' ಪಟ್ಟಿ ಬಂತು, 2025ರಲ್ಲಿ ಅದನ್ನೂ ಕೈಬಿಟ್ಟರು. ದುಡ್ಡಿನ ಪತ್ರಿಕೆಗಳು ಕಾಮಾ ಬಗ್ಗೆ ಎಂದೂ ತಕರಾರು ಎತ್ತಿದ್ದನ್ನು ನಾನು ಕಾಣೆ. ಒಂದು ಕಡೆ ಏನು ಬರೆದರೂ ನಡೆಯುತ್ತದೆ, ಇನ್ನೊಂದು ಕಡೆ ಏನು ಬರೆದಿದ್ದೀರಿ ಎಂದು ಕೇಳುವವರೇ ಇಲ್ಲ. ಕಡೂರಿನ ಬರ ನೋಡಿ ಬರೆದವರು ಈ ಎರಡರ ಮಧ್ಯೆ ನಿಂತಿದ್ದಾರೆ.

ಸಂಶೋಧಕಿ ಆ ಎರಡು ಕಾಮಾ ಕಿತ್ತು, ಉಳಿದವನ್ನು ಅವರು ಹೇಳಿದ ಹಾಗೇ ಹಾಕಿ ಲೇಖನವನ್ನು ಮತ್ತೆ ಕಳಿಸಿದರು. ಬಂದ ಉತ್ತರದಲ್ಲಿ ಮೆಚ್ಚುಗೆಯಿತ್ತು. ಕೊನೆಗೆ ಒಂದೇ ಸಲಹೆ: 'ಫಾರ್ಮರ್ಸ್' ನಂತರ ಒಂದು, 'ಟ್ಯಾಂಕ್ ಬೆಡ್' ನಂತರ ಒಂದು ಕಾಮಾ ಹಾಕಿದರೆ ವಾಕ್ಯ ಸರಾಗವಾಗುತ್ತದೆ.

ಅವರು ಹಾಕಲಿಲ್ಲ, ಲೇಖನವನ್ನು ವಾಪಸು ತೆಗೆದುಕೊಂಡರು. ಅದನ್ನೇ ಕನ್ನಡದಲ್ಲಿ ಬರೆದು ಊರ ಕಡೆಯ ಪತ್ರಿಕೆಯೊಂದಕ್ಕೆ ಕೊಟ್ಟರು. ಅಂಗಳ ಒತ್ತಿದ ರೈತರು ಸರ್ವೇಗೆ ಅಡ್ಡಿ ಮಾಡಿದರು ಎಂದು ಅಚ್ಚಾಯಿತು, ಒತ್ತದವರು ಯಾರೂ ಬೆಚ್ಚಬೇಕಾಗಿರಲಿಲ್ಲ. ಅಂಕ ಸೊನ್ನೆ. ವಾರ ಕಳೆಯುವಷ್ಟರಲ್ಲಿ ಆ ಊರಿನ ಹಿರಿಯರೊಬ್ಬರು ಪತ್ರಿಕೆಯ ಕಟಿಂಗ್ ಜೇಬಿನಲ್ಲಿಟ್ಟುಕೊಂಡು ಕಾಲೇಜಿಗೇ ಬಂದರು. ಸ್ಟಾಫ್ ರೂಮಿನಲ್ಲಿ ಕಟಿಂಗನ್ನು ಮೇಜಿನ ಮೇಲೆ ಹರಡಿ ಮೂರನೇ ಪ್ಯಾರಾದ ಮೇಲೆ ಬೆರಳಿಟ್ಟರು. "ತಾಯಿ, ಇಲ್ಲಿ ಬಡಗಲ ತೂಬು ಅಂತ ಬರ್ದಿದೀಯ. ಬಡಗಲ ತೂಬು ಮುಚ್ಚಿಹೋಗಿ ನಮ್ಮಪ್ಪನ ಕಾಲದಾಗೇ ಆತು. ನೀ ನೋಡಿರೋದು ಮೂಡಲದ್ದು. ನೀರುಗಂಟಿ ಲೆಕ್ಕ ಹೇಳಿದ್ದೂ ಮೂಡಲ ತೂಬಿಂದೇ, ಬಡಗಲದ್ದಾದ್ರೆ ನಿನ್ನ ಗದ್ದೆ ಲೆಕ್ಕ ಕೂಡಲ್ಲ, ಕೂಡಿ ನೋಡು." ಸಂಶೋಧಕಿ ಪೆನ್ನು ತೆಗೆದು ಅಲ್ಲೇ ಕೂಡಿ ನೋಡಿದರು. ಲೆಕ್ಕ ಕೂಡಲಿಲ್ಲ. ಅವರಿಬ್ಬರೂ ಬಸ್ಸು ಹತ್ತಿ ಕೆರೆ ನೋಡಲು ಹೋದರು, ಮಧ್ಯಾಹ್ನದ ಕ್ಲಾಸನ್ನು ನಾನು ತೆಗೆದುಕೊಂಡೆ.