ಒಂದು ಮುಚ್ಚಳದ ಮೂರು ಜನ್ಮ

ಕಳಸ ಪೇಟೆಯಲ್ಲಿ ನಿಂತು ‘ದೋಣಿ’ ಎಂದರೆ ಸಾಕು, ಎದುರಿಗಿದ್ದವರು ಕೇಳುವ ಮೊದಲ ಮಾತು, ‘ಹೆಬ್ಬಾಳೆ ಮುಳುಗಿತಾ?’ ಹೊರನಾಡಿಗೆ ಹೋಗುವ ದಾರಿಯಲ್ಲಿ ಭದ್ರೆಗೆ ಅಡ್ಡಲಾಗಿ ತೀರಾ ತಗ್ಗಿನಲ್ಲಿರುವ ಆ ಸೇತುವೆ ಜೋರು ಮಳೆಗೆ ಮುಳುಗುವುದು, ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಹೊರಟವರು ಸುತ್ತುದಾರಿ ಹಿಡಿಯುವುದು, ಮರುದಿನ ಪೇಪರಿನಲ್ಲಿ ಅದರ ಫೋಟೊ ಬರುವುದು, ಇವೆಲ್ಲ ಪಂಚಾಂಗದಲ್ಲಿ ಅಚ್ಚಾಗದ ನಮ್ಮ ಹಬ್ಬಗಳು. ಹಾಗಾಗಿ ನಮ್ಮಲ್ಲಿ ದೋಣಿಯೆಂದರೆ ಆಪತ್ತಿಗೆ ಒದಗುವ ವಸ್ತು. ಕೆಲಸವಿಲ್ಲದೆ, ಅವಸರವಿಲ್ಲದೆ, ಬರೀ ಗಾಳಿಯನ್ನು ನಂಬಿ ನೀರಿನ ಮೇಲೆ ಓಡಾಡುವುದಕ್ಕೆಂದೇ ದೋಣಿ ಇಟ್ಟುಕೊಳ್ಳುವ ಜನರೂ ಇದ್ದಾರೆಂದು ನಮಗೆ ತೋರಿಸಿಕೊಡಲು ನನ್ನ ಬಾವನೇ ಬೇಕಾಯಿತು.

ಬಾವ ಕಾಳುಮೆಣಸು ಹಾಕಲು ಮಂಗಳೂರಿಗೆ ಹೋಗಿದ್ದರು. ಪಿಕಪ್ಪು ಖಾಲಿ ಬರಬೇಕಿತ್ತು, ಹಾಯಿದೋಣಿ ಹೊತ್ತುಕೊಂಡು ಬಂತು. ಯಾರೋ ಹವ್ಯಾಸಿಗಳು ವರ್ಷಗಟ್ಟಲೆ ತೆಂಗಿನ ಬುಡದಲ್ಲಿ ಕವುಚಿ ಹಾಕಿದ್ದನ್ನು ಗುಜರಿ ರೇಟಿಗೆ ಕೊಟ್ಟರಂತೆ. ಕಾರ್ಕಳ ದಾಟಿ, ಎಸ್.ಕೆ. ಬಾರ್ಡರ್ ಘಾಟಿ ಹತ್ತಿ ಬರುವಾಗ ಚೆಕ್‌ಪೋಸ್ಟಿನವರು ‘ಎಂಥದಿದು?’ ಎಂದರು. ‘ದೋಣಿ’ ಎಂದರು ಬಾವ. ‘ಎಲ್ಲಿಗೆ?’ ‘ಮೇಲಕ್ಕೆ.’ ಕುದುರೆಮುಖದ ಗುಡ್ಡದಿಂದ ಕೆಳಗಿಳಿಯುವ ಸಾಮಾನನ್ನು ಆ ದಾರಿ ಬೇಕಾದಷ್ಟು ಕಂಡಿದೆ. 2005ರ ಕೊನೆಗೆ ಗಣಿ ನಿಲ್ಲುವವರೆಗೂ ಕಬ್ಬಿಣದ ಅದಿರು ನೀರಿನಲ್ಲಿ ಕಲಸಿದ ಕೆಸರಾಗಿ ಕೊಳವೆಯೊಳಗೆ ಮಂಗಳೂರಿನ ಸಮುದ್ರದ ದಡಕ್ಕೆ ಇಳಿಯುತ್ತಿತ್ತು. ಸಮುದ್ರದ ಕಡೆಯಿಂದ ಎರಡೂವರೆ ಸಾವಿರ ಅಡಿ ಎತ್ತರಕ್ಕೆ ದೋಣಿ ಹತ್ತಿ ಬಂದದ್ದು ಮಾತ್ರ ಅಪರೂಪವೇ ಇರಬೇಕು.

ದೋಣಿ ‘ಎಂಟರ್‌ಪ್ರೈಸ್’ ಜಾತಿಯದು. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಎಂಬವನು 1956ರಲ್ಲಿ ರೂಪಿಸಿದ್ದು, ಹದಿಮೂರು ಅಡಿಗೆ ಚೂರು ಹೆಚ್ಚು ಉದ್ದ, ಇಬ್ಬರು ಕೂರಬಹುದು, ಹಾಯಿ ನೀಲಿ. ಮೊದಮೊದಲು ಪ್ಲೈವುಡ್ಡಿನಲ್ಲಿ ಕಟ್ಟುತ್ತಿದ್ದರು, ಆಮೇಲೆ ಫೈಬರ್ ಗ್ಲಾಸ್ ಬಂತು. ನಮ್ಮದು ಫೈಬರಿನದು. ಹಾಯಿ ಇಲ್ಲ, ಚುಕ್ಕಾಣಿ ಇಲ್ಲ, ಒಂದು ಮಗ್ಗುಲಲ್ಲಿ ಬಿರುಕು. ಇವಕ್ಕಿಂತ ದೊಡ್ಡ ಕೊರತೆಯೆಂದರೆ ಮೂತಿಯ ಬಳಿಯ ಗಾಳಿಪೆಟ್ಟಿಗೆಯ ಮುಚ್ಚಳವಿಲ್ಲ. ದೋಣಿ ಮಗುಚಿದರೂ ಮುಳುಗದಂತೆ ಹಿಡಿದಿಡುವುದು ಆ ಪೆಟ್ಟಿಗೆಯೊಳಗಿನ ಗಾಳಿ. ಮುಚ್ಚಳವಿಲ್ಲದಿದ್ದರೆ ಅದು ಗಾಳಿಪೆಟ್ಟಿಗೆಯಾಗಿ ಉಳಿಯದು, ನೀರಿನ ತೊಟ್ಟಿಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಮುಚ್ಚಳಗಳೆಲ್ಲ ಚಪ್ಪಟೆ. ಇದರ ಮೇಲ್ಮೈಗೋ ಎರಡು ದಿಕ್ಕಿಗೂ ಬಾಗಿದ ಬೆನ್ನು.

ಇಲ್ಲದ ಭಾಗವನ್ನು ಮನೆಯಲ್ಲೇ ಹುಟ್ಟಿಸುವುದು ಈ ಸೀಮೆಗೆ ಹೊಸದಲ್ಲ. ಕಾಫಿ ಕೊಯ್ಲು ಜೋರಾಗಿರುವಾಗ ಸಿಪ್ಪೆ ಸುಲಿಯುವ ಪಲ್ಪರ್ ಕೈಕೊಟ್ಟರೆ ಚಿಕ್ಕಮಗಳೂರಿನಿಂದ ಪಾರ್ಟು ಬರುವವರೆಗೆ ಹಣ್ಣು ಕಾಯುವುದಿಲ್ಲ. ಇಲ್ಲಿಯ ಜೀಪುಗಳಲ್ಲಿ ಕಂಪನಿ ಕೊಟ್ಟದ್ದೆಷ್ಟು, ಮೆಕ್ಯಾನಿಕ್ ಕೊಟ್ಟದ್ದೆಷ್ಟು ಎಂದು ಜೀಪಿನ ಮಾಲೀಕನೂ ಹೇಳಲಾರ. ಮೂಡಿಗೆರೆಯಲ್ಲಿ ಸಾಹಿತಿ ತೇಜಸ್ವಿ ಬದುಕಿ ಹೋದ ಮೇಲಂತೂ, ಮನೆಯಲ್ಲಿ ಏನನ್ನಾದರೂ ಬಿಚ್ಚಿ ಹರಡಿಕೊಂಡು ಕೂತ ಗಂಡಸರಿಗೆಲ್ಲ ಒಂದು ಸಾಂಸ್ಕೃತಿಕ ರಕ್ಷಣೆ ಸಿಕ್ಕಿದೆ. ಅಕ್ಕ ಗದರಿದಾಗಲೆಲ್ಲ ಬಾವ ಅವರ ಹೆಸರು ತೆಗೆಯುತ್ತಾರೆ. ‘ಅವರು ಬಿಚ್ಚಿದ್ದರ ಜೊತೆಗೆ ಬರೆದೂ ಬರೆದರು’ ಎನ್ನುವುದು ಅಕ್ಕನ ಉತ್ತರ.

ಫೈಬರ್ ಗ್ಲಾಸ್ ಎಂದರೆ ಹೆಸರೇ ಹೇಳುವಂತೆ ಗಾಜಿನ ನಾರು. ಅಮೆರಿಕದ ಓವೆನ್ಸ್-ಇಲಿನಾಯ್ ಕಂಪನಿಯಲ್ಲಿ 1932ರಲ್ಲಿ ಡೇಲ್ ಕ್ಲೈಸ್ಟ್ ಎಂಬ ಹುಡುಗ ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಕರಗಿದ ಗಾಜನ್ನು ಗಾಳಿಯ ಒತ್ತಡದಲ್ಲಿ ಚಿಮ್ಮಿಸಿದ. ಬೆಸುಗೆ ಆಗಲಿಲ್ಲ, ನವಿರಾದ ಎಳೆಗಳು ಹಾರಾಡಿದವು. ಆ ಎಳೆಗೆ ರೆಸಿನ್ ಎಂಬ ಅಂಟು ಜೊತೆಯಾದಾಗ ದೋಣಿಯಾಯಿತು, 1953ರಲ್ಲಿ ಶೆವರ್ಲೆ ಕಾರ್ವೆಟ್ ಕಾರಿನ ಮೈಯಾಯಿತು. ನಮ್ಮ ಬೆಂಗಳೂರೂ ಹಿಂದೆ ಬೀಳಲಿಲ್ಲ. ಸಿಪಾನಿಯವರ ಎರಡು ಬಾಗಿಲಿನ ಡಾಲ್ಫಿನ್ ಕಾರು 1982ರ ಹೊತ್ತಿಗೆ ಫೈಬರ್ ಮೈ ಹೊತ್ತು ರಸ್ತೆಗಿಳಿಯಿತು. ಕಾಲೇಜು ದಿನಗಳಲ್ಲಿ ಅದನ್ನು ಮುಟ್ಟಿ, ಬೆರಳಿನಿಂದ ಕುಟ್ಟಿ ನೋಡಿದ್ದನ್ನು ಬಾವ ಈಗಲೂ ಹೇಳುತ್ತಾರೆ. ಮಲ್ಪೆ, ಗಂಗೊಳ್ಳಿ ಕಡೆ ನಾಡದೋಣಿಗಳಿಗೆ ಫೈಬರ್ ಬಂದು ಎಷ್ಟೋ ವರ್ಷವಾಯಿತು. ಅಲ್ಲಿನವರಿಗೆ ಇದು ದಿನನಿತ್ಯದ ಕಸುಬು. ಬೆಟ್ಟದವರಾದ ನಮಗೆ ವೇದಾಂತ.

ವೇದಾಂತ ಎಂದೆ, ಯಾಕೆಂದರೆ ಇಲ್ಲಿ ಒಂದು ವಸ್ತು ಹುಟ್ಟಬೇಕಾದರೆ ಮೂರು ಜನ್ಮ ಎತ್ತಬೇಕು. ಮೊದಲು ಮರದಲ್ಲೋ ಮತ್ತೊಂದರಲ್ಲೋ ಬೇಕಾದ ಆಕಾರದ ಮಾದರಿ. ಆ ಮಾದರಿಯ ಮೇಲೆ ಫೈಬರ್ ಹಾಕಿ ಕಳಚಿದರೆ ಅಚ್ಚು. ಅಚ್ಚಿನೊಳಗೆ ಮತ್ತೆ ಫೈಬರ್ ಹಾಕಿ ಕಳಚಿದರೆ ವಸ್ತು. ಮೊದಲ ಜನ್ಮದಲ್ಲಿ ಕೂದಲೆಳೆಯಷ್ಟು ಗೀರು ಉಳಿದರೂ ಅದು ಎರಡನೆಯದರಲ್ಲಿ ಉಬ್ಬಾಗಿ, ಮೂರನೆಯದರಲ್ಲಿ ಮತ್ತೆ ಗೀರಾಗಿ ಎದ್ದು ಬರುತ್ತದೆ. ಕರ್ಮಸಿದ್ಧಾಂತವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಕಸುಬು ಇನ್ನೊಂದಿಲ್ಲ.

ಬಾವ ಮೊದಲು ಟಿವಿ ಪೆಟ್ಟಿಗೆಯ ಥರ್ಮೋಕೋಲಿನಿಂದ ಮಾದರಿ ಕೊರೆದರು. ಕೆತ್ತಲು ಸುಲಭ, ನೋಡಲು ಚಂದ. ಅದರ ಮೇಲೆ ಪಾಲಿಯೆಸ್ಟರ್ ರೆಸಿನ್ ಬಿದ್ದದ್ದೇ ತಡ, ಮಾದರಿ ನಮ್ಮ ಕಣ್ಣೆದುರಿಗೇ ಕುಸಿದು ಅಂಟುಗುಳಿಯಾಯಿತು. ರೆಸಿನ್ನಿನಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ಕರಗಿಸಿಬಿಡುತ್ತದೆ. ಎರಡೂ ಒಂದೇ ಕುಲದವು, ಸೇರಿದರೆ ಒಂದಾಗಿಬಿಡುತ್ತವೆ. ಕೊನೆಗೆ ತೋಟದ ಸಿಲ್ವರ್ ಓಕ್ ಹಲಗೆಯಲ್ಲಿ ಆಚಾರಿಯೊಬ್ಬರು ಆ ಬಾಗಿದ ಬೆನ್ನನ್ನು ಕೆತ್ತಿಕೊಟ್ಟರು. ಜೀಪಿಗೆ ಮೆತ್ತುವ ಪುಟ್ಟಿ ಬಳಿದು, ವಾಟರ್ ಪೇಪರಿನಲ್ಲಿ ಉಜ್ಜಿ ಉಜ್ಜಿ, ಮುಖ ಕಾಣುವಷ್ಟು ನುಣುಪು ಮಾಡಿದ ಮೇಲೆ ಮೇಣ ಹಚ್ಚಬೇಕು. ಮೇಣವಿಲ್ಲದಿದ್ದರೆ ಅಚ್ಚು ಮಾದರಿಯನ್ನು ಈ ಜನ್ಮದಲ್ಲಿ ಬಿಡುವುದಿಲ್ಲ. ರೆಡ್‌ಆಕ್ಸೈಡ್ ನೆಲಕ್ಕೆಂದು ಅಕ್ಕ ತಂದಿಟ್ಟಿದ್ದ ಮೇಣದ ಡಬ್ಬಿ ಅಂದೇ ಖಾಲಿಯಾಯಿತು.

ಡಬ್ಬಿ ಹುಡುಕಿಕೊಂಡು ಕೊಟ್ಟಿಗೆಗೆ ಬಂದ ಅಕ್ಕ ಮಾದರಿಯನ್ನು ಒಮ್ಮೆ ನೋಡಿ, ‘ರೀ, ಇದು ಕಳಚೋದಿಲ್ಲ’ ಎಂದಳು. ‘ಮೇಣ ಹಚ್ಚಿದೀನಲ್ಲ!’ ‘ಹಚ್ಚಿ. ಅಂಚು ನೆಟ್ಟಗೆ ನಿಂತಿದೆಯಲ್ಲ? ಇಡ್ಲಿ ತಟ್ಟೆಯ ಗುಳಿ ನೋಡಿದೀರಾ? ಮೇಲೆ ಅಗಲ, ಕೆಳಗೆ ಸಣ್ಣ. ಎಣ್ಣೆ ಸವರೋದು ಆಮೇಲಿನ ಮಾತು.’ ಫೈಬರ್ ಕೆಲಸದವರು ದುಡ್ಡು ಕೊಟ್ಟು ಕಲಿಯುವ ಪಾಠ ಇದೇ. ಅಚ್ಚಿನ ಗೋಡೆ ಎಂದೂ ನೇರ ನಿಲ್ಲಬಾರದು, ಎರಡು ಮೂರು ಡಿಗ್ರಿಯಾದರೂ ಹೊರಕ್ಕೆ ಓರೆಯಾಗಿರಬೇಕು. ಆಚಾರಿಯವರು ಮತ್ತೆ ಬಂದು ಅಂಚು ಹೆರೆದರು.

ಇನ್ನು ಪಾಕದ ವಿಷಯ. ಕಳಸದಲ್ಲಿ ಜೀಪಿಗೆ ಫೈಬರ್ ಟಾಪು ಹಾಕುವ ಹುಡುಗನೊಬ್ಬ ಬಾವನ ಗುರು. ಅವನ ಮೊದಲ ಉಪದೇಶ ಬಾಟಲಿಗಳ ಬಗ್ಗೆ. ರೆಸಿನ್ನಿಗೆ ಚುರುಕು ಕೊಡುವ ಕೋಬಾಲ್ಟ್ ನೇರಳೆ ಬಣ್ಣದ್ದು, ಗಟ್ಟಿ ಮಾಡುವ ಹಾರ್ಡ್‌ನರ್ ನೀರಿನಂತೆ ತಿಳಿ. ಒಂದನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿದ ಮೇಲೆಯೇ ಇನ್ನೊಂದು. ಅವೆರಡೂ ನೇರವಾಗಿ ಕೂಡಿದರೆ ಸಿಡಿಯುತ್ತವೆ. ಹಾರ್ಡ್‌ನರ್ ಹನಿ ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ‘ಸಾರ್, ಇದರಲ್ಲಿ ಮಾತ್ರ ತಮಾಷೆ ಬೇಡ’ ಎಂದವನು, ಎರಡು ಬಾಟಲಿಗಳನ್ನು ಎರಡು ಕೋಣೆಯಲ್ಲಿ ಇಡಿಸಿಯೇ ಹೋದ.

ಅಚ್ಚಿನೊಳಗೆ ಮುಚ್ಚಳ ಹಾಕುವ ದಿನ ನಾನೂ ಇದ್ದೆ. ನೂರು ಗ್ರಾಂ ರೆಸಿನ್ನಿಗೆ ಒಂದೆರಡು ಗ್ರಾಂ ಹಾರ್ಡ್‌ನರ್. ಅಲ್ಲಿಂದಾಚೆಗೆ ಗಡಿಯಾರದ ರಾಜ್ಯ. ಬಿಸಿಲಿನ ಹೊತ್ತಾದರೆ ಹದಿನೈದಿಪ್ಪತ್ತು ನಿಮಿಷ, ಅಷ್ಟರೊಳಗೆ ಗಾಜಿನ ನಾರಿನ ಮ್ಯಾಟು ಹಾಸಿ, ಬ್ರಷ್ಷಿನಲ್ಲಿ ರೆಸಿನ್ ಕುಟ್ಟಿ ಕುಟ್ಟಿ ಇಳಿಸಿ, ಉಕ್ಕಿನ ರೋಲರ್ ಉರುಳಿಸಿ ಗಾಳಿಗುಳ್ಳೆ ಹೊರದಬ್ಬಬೇಕು. ಒಣ ಮ್ಯಾಟು ಬೆಳ್ಳಗಿರುತ್ತದೆ. ರೆಸಿನ್ ಕುಡಿಯುತ್ತಾ ಬಂದಂತೆ ಬಿಳುಪು ಮಾಯವಾಗಿ ಕೆಳಗಿನ ಬಣ್ಣ ಕಾಣತೊಡಗುತ್ತದೆ. ಎಲ್ಲಿ ಬೆಳ್ಳಗೆ ಉಳಿಯಿತೋ ಅಲ್ಲಿ ಗಾಳಿ ಸಿಕ್ಕಿಕೊಂಡಿದೆಯೆಂದು ಲೆಕ್ಕ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಾದರೆ ಪದರಕ್ಕೆ ಸುಮಾರು ಒಂದು ಮಿಲಿಮೀಟರ್ ದಪ್ಪ ಬರುತ್ತದೆ. ಮುಚ್ಚಳಕ್ಕೆ ಮೂರು ಪದರ ಸಾಕು. ಮೂರನೆಯ ಪದರಕ್ಕೆ ಬರುವಾಗ ಮಗ್ಗಿನಲ್ಲಿ ಉಳಿದ ರೆಸಿನ್ ತಾನಾಗಿ ಬಿಸಿಯಾಗಿ, ಹೊಗೆಯಾಡಿ, ಟಪ್ಪೆಂದು ಬಿರುಕುಬಿಟ್ಟಿತು. ತೆಳ್ಳಗೆ ಹರಡಿದರೆ ಕಾವು ಗಾಳಿಗೆ ಹೋಗುತ್ತದೆ, ರಾಶಿಯಾಗಿ ಬಿಟ್ಟರೆ ತನ್ನ ಕಾವಿಗೆ ತಾನೇ ಬೇಯುತ್ತದೆ. ಅಲ್ಲೇ ಮಲಗಿದ್ದ ನಾಯಿ ಎದ್ದು ಹೋಗಿ, ಸಂಜೆಯವರೆಗೆ ಕೊಟ್ಟಿಗೆಯ ಕಡೆ ತಲೆ ಹಾಕಲಿಲ್ಲ.

ದೋಣಿಯ ಮಗ್ಗುಲಿನ ಬಿರುಕಿನದು ಬೇರೆ ಶಾಸ್ತ್ರ. ಬಿರುಕಿಗೆ ಮೇಲೆ ತೇಪೆ ಹಚ್ಚಿದರೆ ನಿಲ್ಲುವುದಿಲ್ಲ. ಸುತ್ತಲೂ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಆ ಇಳಿಜಾರಿನಲ್ಲಿ ಪದರ ಕಟ್ಟುತ್ತ ಬರಬೇಕು. ಮೂರು ಮಿಲಿಮೀಟರ್ ಮೈಗೆ ಪ್ರತಿ ಬದಿಯಲ್ಲೂ ಮೂರೂವರೆ ಸೆಂಟಿಮೀಟರ್. ಉಜ್ಜುವಾಗ ಎದ್ದ ಗಾಜಿನ ಧೂಳು ಉದ್ದ ತೋಳಿನ ಅಂಗಿಯೊಳಕ್ಕೂ ನುಗ್ಗಿತು. ಬಾವ ತುರಿಸಿಕೊಳ್ಳುತ್ತ ಬಚ್ಚಲಿಗೆ ಓಡಿದರೆ ಗುರು ತಡೆದ: ‘ಮೊದಲು ತಣ್ಣೀರು, ಸಾರ್.’ ಮಲೆನಾಡಿನಲ್ಲಿ ಹುಟ್ಟಿ, ಹಂಡೆಯ ಕುದಿನೀರಿಲ್ಲದೆ ಮೈಗೆ ಚೊಂಬು ತಾಗಿಸದ ಮನುಷ್ಯ ಅಂದು ಜನವರಿಯ ತಣ್ಣೀರಿನಲ್ಲಿ ಸ್ನಾನ ಮಾಡಿದರು. ಆ ಕೂಗು ಪಕ್ಕದ ತೋಟಕ್ಕೂ ಕೇಳಿತು.

ಜನವರಿಯೇ ಏಕೆಂದರೆ, ಮಳೆಗಾಲದಲ್ಲಿ ಇಲ್ಲಿ ಈ ಕೆಲಸ ಸಾಧ್ಯವಿಲ್ಲ. ಉಪ್ಪಿನ ಭರಣಿಯೂ ನೀರೊಡೆಯುವ ಹವೆಯಲ್ಲಿ ಮ್ಯಾಟು ತೇವ ಹೀರುತ್ತದೆ, ರೆಸಿನ್ ಹಿಡಿಯುವುದಿಲ್ಲ. ಒಣ ಹವೆಯ ತಿಂಗಳುಗಳೇ ಕಾಫಿ ಒಣಗಿಸುವ ತಿಂಗಳುಗಳೂ ಹೌದು. ಕಣದಲ್ಲಿ ಪಾರ್ಚ್‌ಮೆಂಟು ಕಾಫಿ, ಪಕ್ಕದ ಕೊಟ್ಟಿಗೆಯಲ್ಲಿ ಸ್ಟೈರೀನ್. ಕಾಫಿ ಬೀಜಕ್ಕೆ ಒಂದು ಗುಣವಿದೆ, ಪಕ್ಕದಲ್ಲಿ ಏನಿದೆಯೋ ಅದರ ವಾಸನೆಯನ್ನು ಎಳೆದುಕೊಳ್ಳುತ್ತದೆ. ಅಕ್ಕ ಯಾರಿಗೂ ಏನೂ ಹೇಳದೆ ಆಳುಗಳನ್ನು ಕರೆದು ದೋಣಿಯನ್ನು ಎತ್ತಿಸಿ, ಗಾಳಿ ಕೆಳಕ್ಕೆ ಬೀಸುವ ಗದ್ದೆಯಂಚಿನ ಹಳೆಯ ಶೆಡ್ಡಿಗೆ ಸಾಗಿಸಿದಳು. ನನ್ನ ಪ್ರಕಾರ ಇಡೀ ಕಾಮಗಾರಿಯಲ್ಲಿ ತೆಗೆದುಕೊಂಡ ಅತಿ ಸರಿಯಾದ ತೀರ್ಮಾನ ಅದು.

ನೋಡಲು ಬಂದವರಿಗೆಲ್ಲ ಒಂದೇ ಅನುಮಾನ, ತೋಟದವರಿಗೇಕೆ ಹಾಯಿದೋಣಿ? ಬಾವನ ಬಳಿ ಎರಡು ಉತ್ತರಗಳು ಸಿದ್ಧವಿವೆ. ಒಂದು, ಟೋಕಿಯೊ ಒಲಿಂಪಿಕ್ಸಿನಲ್ಲಿ ವರುಣ್ ಠಕ್ಕರ್ ಜೊತೆ ಭಾರತದ ಹಾಯಿದೋಣಿ ನಡೆಸಿದ ಕೇಳಪಂಡ ಗಣಪತಿ ಕಾಫಿ ಸೀಮೆಯ ಕೊಡವ ಮನೆತನದವರು. ಇನ್ನೊಂದು ‘ಮ್ಹಾದೆಯಿ’. ಗೋವಾದ ದಿವಾಡಿ ದ್ವೀಪದ ರತ್ನಾಕರ ದಾಂಡೇಕರ್ ನೌಕಾಪಡೆಗಾಗಿ ಮರದ ಪಟ್ಟಿಗಳ ಮೇಲೆ ಫೈಬರ್ ಹೊದಿಸಿ ಕಟ್ಟಿದ 56 ಅಡಿಯ ಹಾಯಿದೋಣಿ ಅದು. ಅಂಥದೊಂದನ್ನು ಅವರು ಅದಕ್ಕೂ ಮೊದಲು ಕಟ್ಟಿದ್ದೇ ಇಲ್ಲ. 2009–10ರಲ್ಲಿ ದಿಲೀಪ್ ದೊಂದೆ ಅದರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. 2012–13ರಲ್ಲಿ ಅಭಿಲಾಷ್ ಟಾಮಿ ಎಲ್ಲೂ ನಿಲ್ಲದೆ ಸುತ್ತಿದರು. ದೋಣಿಗೆ ಹೆಸರು ಕೊಟ್ಟ ಮಹದಾಯಿ ನದಿ ಹುಟ್ಟುವುದು ನಮ್ಮ ಖಾನಾಪುರದ ಭೀಮಗಡದ ಕಾಡಿನಲ್ಲಿ. ಮಹದಾಯಿ ಎಂದ ಕೂಡಲೇ ಬಂದವರು ‘ಓಹೋ, ಕಳಸಾ-ಬಂಡೂರಿ!’ ಎನ್ನುತ್ತಾರೆ. ಆ ಕಳಸಾ ಬೇರೆ, ನಮ್ಮ ಕಳಸ ಬೇರೆ ಎಂದು ಬಿಡಿಸಿ ಹೇಳುವುದರಲ್ಲಿ ಕಾಫಿ ಆರಿರುತ್ತದೆ. ದೋಣಿಯ ವಿಷಯ ಮರೆತೇ ಹೋಗಿರುತ್ತದೆ.

ಮುಚ್ಚಳ ಕಳಚಿದ್ದು ರೆಸಿನ್ ಹಾಕಿದ ಮಾರನೆಯ ಬೆಳಿಗ್ಗೆ. ಅಂಚಿಗೆ ಮರದ ಬೆಣೆ ಹೊಡೆದು, ಸಂದಿಗೆ ನೀರು ಬಿಟ್ಟು, ಅಂಗೈಯಿಂದ ತಟ್ಟುತ್ತ ಹೋದರೆ ಒಂದು ಗಳಿಗೆಯಲ್ಲಿ ‘ಟಕ್’ ಎಂದಿತು. ಬಾಗಿದ ಬೆನ್ನು ದೋಣಿಯ ಬಾಯಿಗೆ ಸರಿಯಾಗಿ ಕೂತಿತು. ಒಳಮೈಯಲ್ಲಿ ಒಂದು ಸೊಳ್ಳೆ ಶಾಶ್ವತವಾಗಿ ಸಿಕ್ಕಿಕೊಂಡಿದೆ. ಗಾಳಿಗೆ ತೆರೆದ ಮೇಲ್ಮೈ ಬೇಗ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ, ಪ್ಲಾಸ್ಟಿಕ್ ಹಾಳೆ ಹೊದಿಸುವಷ್ಟರಲ್ಲಿ ಅದು ಬಂದು ಕೂತಿತ್ತು.

ಖರ್ಚಿನ ಲೆಕ್ಕ ಅಕ್ಕ ಬರೆದಿಟ್ಟಿದ್ದಾಳೆ. ಆ ಒಂದು ಮುಚ್ಚಳದ ಬೆಲೆ ದೋಣಿಯ ಬೆಲೆಯನ್ನು ಮೀರಿದೆ. ಆದರೆ ಅಚ್ಚು ಒಮ್ಮೆ ಆಯಿತೆಂದರೆ ಎರಡನೆಯ ಮುಚ್ಚಳಕ್ಕೆ ಬರೀ ರೆಸಿನ್ ಮತ್ತು ಮ್ಯಾಟಿನ ಖರ್ಚು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಎರಡನೆಯ ಎಂಟರ್‌ಪ್ರೈಸ್ ದೋಣಿ ಇಲ್ಲದಿದ್ದರೇನು? ಫೈಬರಿಗೆ ಕರೆಂಟು ಹಾಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಮಳೆಗೆ ನೆನೆಯುವ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗೆ ಮಾಡಾಗಿ ಆ ಬಾಗಿದ ಬೆನ್ನು ಹೇಳಿ ಮಾಡಿಸಿದಂತಿದೆ. ಹಾಗೆ ತೆಗೆದ ಮೊದಲ ಮಾಡು ಅಕ್ಕನ ಪಂಪಿಗೆ ಹೋಯಿತು, ಆಮೇಲೆ ಪಕ್ಕದ ತೋಟದವರೂ ಕೇಳಿದರು. ಹೊರನಾಡಿನ ಆಸುಪಾಸಿನ ಕೆಲವು ಹಳ್ಳದ ಬದಿಗಳಲ್ಲಿ ಇಂಗ್ಲಿಷ್ ಹಾಯಿದೋಣಿಯ ಮೂತಿ ಈಗ ಸ್ಟಾರ್ಟರುಗಳನ್ನು ಕಾಯುತ್ತಿದೆ.

ದೋಣಿ ತೇಲುವುದೆಲ್ಲಿ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿದೆ. ಹೆಬ್ಬಾಳೆಯ ಮೇಲೆ ಹಾರಿ ಹೋಗುವ ಅದೇ ನೀರು ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಹಿಂದೆ ತೆಪ್ಪಗೆ ನಿಲ್ಲುತ್ತದೆ. 186 ಅಡಿ ತುಂಬಿದ ವರ್ಷ ಅಲ್ಲಿ ಗಾಳಿಗೂ ನೀರಿಗೂ ಬರವಿಲ್ಲ. ಅನುಮತಿಗೆ ಬಾವ ಅರ್ಜಿ ಬರೆಯುತ್ತಿದ್ದಾರೆ. ಪಟಸ್ತಂಭಕ್ಕೆ ಅಡಿಕೆ ಮರ ಸಾಕೆಂದು ಊರಿನವರು, ಸಾಲದೆಂದು ಗುರು, ಚರ್ಚೆ ನಡೆದಿದೆ. ಹಾಯಿ ಮಾತ್ರ ಇನ್ನೂ ಇಲ್ಲ. ಓದುಗರಲ್ಲಿ ಯಾರ ಅಟ್ಟದ ಮೇಲಾದರೂ ಎಂಟರ್‌ಪ್ರೈಸ್ ದೋಣಿಯ ನೀಲಿ ಹಾಯಿ ಮಡಿಸಿಟ್ಟದ್ದಿದ್ದರೆ ದಯವಿಟ್ಟು ಈ ಪತ್ರಿಕೆಯ ಮೂಲಕ ತಿಳಿಸಿ. ದುಡ್ಡು ಬೇಡವೆಂದರೆ ಈ ಸಾಲಿನ ಕಾಫಿಪುಡಿ ಕಳಿಸುತ್ತೇವೆ. ರೆಸಿನ್ ವಾಸನೆ ಇಲ್ಲವೆಂದು ಅಕ್ಕ ಖಾತ್ರಿ ಕೊಟ್ಟಿದ್ದಾಳೆ.