ಕಾಟಾ ಮತ್ತು ಹೊಸ ಕಂಪೈಲರ್

ಶಹಾಬಾದಿನ ಫರಸಿ ಕಲ್ಲಾಗಲಿ, ವಾಡಿ–ಸೇಡಂ ಸೀಮೆಯ ಸಿಮೆಂಟಾಗಲಿ, ಚಿಂಚೋಳಿಯ ತೊಗರಿಯಾಗಲಿ, ಲಾರಿ ಹತ್ತಿದ ಮೇಲೆ ಕಾಟಾದ ಮೇಲೆ ನಿಲ್ಲಲೇಬೇಕು. ತೆಲಂಗಾಣದ ಗಡಿಗೆ ಹತ್ತಿದ ಕುಂಚಾವರಂ ಕಡೆಯಿಂದ ಬಂದ ಲಾರಿಗೂ ವಿನಾಯಿತಿ ಇಲ್ಲ. ಕಬ್ಬಿಣದ ಹಾಸಿನ ಕೆಳಗೆ ಲೋಡ್ ಸೆಲ್‌ಗಳು, ಕೋಣೆಯಲ್ಲಿ ಕೆಂಪು ಅಂಕಿ ತೋರಿಸುವ ಇಂಡಿಕೇಟರ್ ಪೆಟ್ಟಿಗೆ, ಅದರ ಬೆನ್ನಿನಿಂದ ಕಂಪ್ಯೂಟರಿಗೆ ಒಂದು ಸೀರಿಯಲ್ ವೈರು. ಆ ವೈರಿನ ಕಟ್ಟಳೆಯ ಹೆಸರು ಆರ್‌ಎಸ್-232. ಅಮೆರಿಕದಲ್ಲಿ 1960ರಲ್ಲಿ ಟೆಲಿಪ್ರಿಂಟರು, ಮೋಡೆಮ್‌ಗಳಿಗಾಗಿ ಅದನ್ನು ರೂಪಿಸಿದವರಿಗೆ ಫರಸಿ ಕಲ್ಲಿನ ಲಾರಿ ಕನಸಿನಲ್ಲೂ ಬಂದಿರಲಿಕ್ಕಿಲ್ಲ.

ಇಂಥ ಕೋಣೆಯ ಪ್ರೋಗ್ರಾಮು ಟರ್ಬೋ ಸಿಯಲ್ಲಿ ಬರೆದದ್ದಾದರೆ ಅದಕ್ಕೆ ಸಾವಿಲ್ಲ. ಕಂಪ್ಯೂಟರಿಗೆ ಮಾತ್ರ ಇದೆ. ಹಳೆಯದು ಸಿಮೆಂಟಿನ ಧೂಳು ಕುಡಿದು ಕಣ್ಣುಮುಚ್ಚಿದ ದಿನ 64 ಬಿಟ್ ವಿಂಡೋಸ್ ಇರುವ ಹೊಸದು ಬರುತ್ತದೆ, 16 ಬಿಟ್ ಪ್ರೋಗ್ರಾಮನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಹೊಸ ಕಂಪೈಲರಿಗೆ ಕೊಟ್ಟು, ಅದು ಎತ್ತಿದ ತಕರಾರುಗಳನ್ನೆಲ್ಲ ಅಳಿಸಿ, ಕೊನೆಗೆ ದೋಷ ಸೊನ್ನೆ ಎಂದು ತೆರೆಯ ಮೇಲೆ ಬಂದಾಗ ತೂಕವೂ ಸೊನ್ನೆಯೇ ಇರುತ್ತದೆ.

“ನಿನ್ನಿ ತನಕ ಛಲೋ ನಡದಿತ್ತಲ್ರಿ, ವೈರ್ ಸಡ್ಲ್ ಆಗ್ಯಾದ್ ನೋಡ್ರಿ” ಎಂಬುದು ಕಾಟಾ ಕೋಣೆಯ ಮೊದಲ ತೀರ್ಪು. ಇಲಿ, ಸಿಡಿಲು, ಲಾರಿ ಚಾಲಕ ಇವರ ಮೇಲಿನ ಆರೋಪಗಳು ಆಮೇಲೆ ಬರುತ್ತವೆ. ವೈರಿನ ಪಾತ್ರ ತಿಳಿಯಲು ದುಬಾರಿ ಉಪಕರಣ ಬೇಡ. ಒಂಬತ್ತು ಪಿನ್ನಿನ ಕನೆಕ್ಟರನ್ನು ಪೆಟ್ಟಿಗೆಯ ತುದಿಯಲ್ಲಿ ಬಿಚ್ಚಿ, ಅದರ 2 ಮತ್ತು 3ನೇ ಪಿನ್‌ಗಳನ್ನು ತುಂಡು ತಂತಿಯಿಂದ ಜೋಡಿಸಿದರೆ ಕಂಪ್ಯೂಟರ್ ಕಳಿಸಿದ ಅಕ್ಷರ ಅದಕ್ಕೇ ಮರಳಬೇಕು. ಮರಳಿತೆಂದರೆ ವೈರು ನಿರಪರಾಧಿ. ತಪ್ಪು ಪ್ರೋಗ್ರಾಮಿನಲ್ಲಿದೆ, ಇಲ್ಲವೇ ಪೋರ್ಟಿನ ಹೊಂದಾಣಿಕೆಯಲ್ಲಿದೆ.

ಹಳೆಯ ಪ್ರೋಗ್ರಾಮು 3ಎಫ್8 ಎಂಬ ವಿಳಾಸಕ್ಕೆ, ಅಂದರೆ ಕಾಮ್ 1ರ ಚಿಪ್ಪಿಗೆ, ನೇರ ಕೈಹಾಕುತ್ತಿತ್ತು. ಈಗಿನ ವಿಂಡೋಸ್ ಸಾಮಾನ್ಯ ಪ್ರೋಗ್ರಾಮಿಗೆ ಆ ಸಲುಗೆ ಕೊಡುವುದಿಲ್ಲ. ಪೋರ್ಟನ್ನು ಕಡತದಂತೆ ಹೆಸರು ಹೇಳಿ ತೆರೆಯಬೇಕು. ಯುಎಸ್‌ಬಿ ಪರಿವರ್ತಕ ಸಿಕ್ಕಿಸಿದ್ದರೆ ಪೋರ್ಟಿನ ಸಂಖ್ಯೆ ಎಷ್ಟಾದರೂ ಆಗಬಹುದು. ಕಾಮ್ 9ರವರೆಗೆ ಬರೀ ಹೆಸರು ಸಾಕು. 10ರಿಂದ ಮುಂದೆ ಹೆಸರಿನ ಹಿಂದೆ ಓರೆಗೆರೆ, ಚುಕ್ಕೆಗಳ ಮುತ್ತೈದೆಯ ಅಲಂಕಾರ ಇಲ್ಲದಿದ್ದರೆ ಬಾಗಿಲು ತೆರೆಯದು.

ಹೊಸ ಕಂಪೈಲರಿನ ದೊಡ್ಡ ತೊಡಕು ಅದರ ಜಾಣತನ. ಬೈಟು ಬಂದಾಗ ಒಂದು ಥ್ರೆಡ್ ಬಾವುಟ ಎತ್ತುತ್ತದೆ, ಮುಖ್ಯ ಭಾಗ ಅದನ್ನು ಕಾಯುತ್ತ ಸುತ್ತುತ್ತಿರುತ್ತದೆ. ಈ ಸುತ್ತಿನೊಳಗೆ ಬಾವುಟವನ್ನು ಯಾರೂ ಮುಟ್ಟುತ್ತಿಲ್ಲ ಎಂದು ಕಂಪೈಲರ್ ಗಮನಿಸಿ, ಒಮ್ಮೆ ನೋಡಿದರೆ ಸಾಕೆಂದು ತೀರ್ಮಾನಿಸುತ್ತದೆ. ಆಮೇಲೆ ಲಾರಿಗಳ ಸಾಲು ರಸ್ತೆಯವರೆಗೆ ಬಂದರೂ ಅದು ತಲೆ ಎತ್ತಿ ನೋಡದು. ನಡುವೆ ಒಂದು ಪ್ರಿಂಟ್‌ಎಫ್ ತುರುಕಿದರೆ ಎಲ್ಲವೂ ಸರಿಯಾದಂತೆ ಕಾಣುತ್ತದೆ. “ಇದನ್ನು ತೆಗೆಯಬೇಡಿ” ಎಂಬ ಟಿಪ್ಪಣಿ ಹೊತ್ತು ಹಳೆಯ ಪ್ರೋಗ್ರಾಮುಗಳಲ್ಲಿ ಕುಳಿತ ಅನಾಥ ಸಾಲುಗಳ ಪೂರ್ವೇತಿಹಾಸ ಇದೇ. ಸರಿಯಾದ ಮದ್ದೆಂದರೆ ಬಾವುಟ ಎತ್ತುವುದು ಇಂಟರಪ್ಟ್ ಆದರೆ ವೊಲಟೈಲ್, ಥ್ರೆಡ್ ಆದರೆ ಅಟಾಮಿಕ್. ಪೆಟ್ಟಿಗೆಗೆ ಉಸಿರಾಡಲು ಸಮಯ ಕೊಡಲೆಂದು ಬರೆದ ಖಾಲಿ ಸುತ್ತುಗಳನ್ನೂ ಈ ಜಾಣ ಗುಡಿಸಿ ಹಾಕಿರುತ್ತಾನೆ.

ಬಂದ ಬೈಟುಗಳನ್ನು ನೇರ ಸ್ಟ್ರಕ್ಚರಿಗೆ ಸುರಿಯುವ ಅಭ್ಯಾಸವೂ ಇಲ್ಲಿ ಸಿಕ್ಕಿಬೀಳುತ್ತದೆ. ಆರಂಭದ ಗುರುತು, ತೂಕ, ಸ್ಥಿತಿ, ಕೊನೆಯ ಗುರುತು: ಟರ್ಬೋ ಸಿಯಲ್ಲಿ ಒಟ್ಟು 5 ಬೈಟು. ಅದೇ ಬರಹ ಹೊಸ ಕಂಪೈಲರಿನಲ್ಲಿ 12. ಪೂರ್ಣಾಂಕ 2ರಿಂದ 4 ಬೈಟಿಗೆ ಉಬ್ಬಿದೆ, ನಡುವೆಯೂ ಕೊನೆಗೂ ಖಾಲಿ ಜಾಗ ಸೇರಿದೆ. ಪೆಟ್ಟಿಗೆ ಐದು ಕೊಡುತ್ತದೆ, ಪ್ರೋಗ್ರಾಮು ಹನ್ನೆರಡಕ್ಕೆ ಕೈಚಾಚುತ್ತದೆ. ಒಂದು ಲಾರಿಯ ತೂಕದೊಳಗೆ ಇನ್ನೊಂದು ಲಾರಿಯ ಬಾಲ ಸೇರುತ್ತದೆ.

ಎಲ್ಲಕ್ಕಿಂತ ಸ್ವಾರಸ್ಯದ ದೋಷ ಪ್ಯಾರಿಟಿಯದು. ಪೆಟ್ಟಿಗೆ 7 ಬಿಟ್, ಸಮ ಪ್ಯಾರಿಟಿಯಲ್ಲಿ ಮಾತಾಡುತ್ತಿದ್ದು ಕಂಪ್ಯೂಟರ್ 8 ಬಿಟ್, ಪ್ಯಾರಿಟಿ ಇಲ್ಲದೆ ಕೇಳಿಸಿಕೊಂಡರೆ ಎರಡರ ಒಟ್ಟು ಉದ್ದವೂ 10 ಬಿಟ್ಟೇ ಆದ್ದರಿಂದ ಜಗಳ ಹೊರಗೆ ಕಾಣುವುದಿಲ್ಲ. 0, 3, 5, 6, 9 ಈ ಅಂಕಿಗಳ ಸಂಕೇತದಲ್ಲಿ ಒಂದುಗಳ ಸಂಖ್ಯೆ ಸಮ. ಅವು ಮಡಿ ಕೆಡದೆ ಬರುತ್ತವೆ. 1, 2, 4, 7, 8 ಮಾತ್ರ ತಲೆಯ ಮೇಲೆ ಒಂದು ಹೆಚ್ಚಿನ ಬಿಟ್ ಹೊತ್ತು ಬರುತ್ತವೆ. ಪ್ರೋಗ್ರಾಮನ್ನು ಡಾಟ್‌ನೆಟ್‌ನಲ್ಲಿ ಹೊಸದಾಗಿ ಬರೆದಿದ್ದರೆ, ಅದರ ಸೀರಿಯಲ್ ಪೋರ್ಟ್ ಪಠ್ಯ ಓದುವಾಗ 127ಕ್ಕಿಂತ ದೊಡ್ಡ ಬೈಟನ್ನು ತಾನಾಗಿ ಪ್ರಶ್ನಾರ್ಥಕ ಚಿಹ್ನೆ ಮಾಡುತ್ತದೆ. ಹಾಗಾಗಿ 30,650 ಕಿಲೋ ಲಾರಿ ಸಲೀಸಾಗಿ ಚೀಟಿ ಪಡೆದು ಹೋಗುತ್ತದೆ. 28,140 ಕಿಲೋ ಲಾರಿಗೆ ನಾಲ್ಕು ಪ್ರಶ್ನೆ, ಒಂದು ಸೊನ್ನೆ. ಅದರ ಚಾಲಕ ತನ್ನ ಜಾತಕವನ್ನೇ ಶಂಕಿಸಿದರೆ ತಪ್ಪಿಲ್ಲ. ಹಳೆಯ ಪ್ರೋಗ್ರಾಮು ಪ್ರತಿ ಬೈಟನ್ನೂ 127ರ ಜರಡಿಯಲ್ಲಿ ಸದ್ದಿಲ್ಲದೆ ಸೋಸುತ್ತಿತ್ತು. ಹೊಸದಾಗಿ ಬರೆದವರು ಆ ಸಾಲನ್ನು ಅನಗತ್ಯವೆಂದು ತೆಗೆದಿರುತ್ತಾರೆ. ಪೋರ್ಟನ್ನು 7 ಬಿಟ್, ಸಮ ಪ್ಯಾರಿಟಿಗೆ ಹೊಂದಿಸಿದರೆ ಪ್ರಶ್ನೆಗಳೆಲ್ಲ ಮಾಯ.

ಇಷ್ಟಾದರೂ ಪೆಟ್ಟಿಗೆ ಮೌನವಾಗಿದ್ದರೆ ಸೀರಿಯಲ್ ವೈರಿನ ಡಿಟಿಆರ್ ಎಂಬ ತಂತಿಯನ್ನು ನೋಡಬೇಕು. ಸೀರಿಯಲ್ ವೈರಿಗೆ ಸಿಕ್ಕಿಸುವ ಕೆಲವು ಪರಿವರ್ತಕಗಳು ಅದರಿಂದಲೇ ವಿದ್ಯುತ್ ಹೀರುತ್ತವೆ, ಡಾಟ್‌ನೆಟ್‌ನಲ್ಲಿ ಅದು ಮೊದಲಿಗೆ ಆರಿರುತ್ತದೆ.

ಈ ಪಟ್ಟಿಯಲ್ಲಿ ಹೊಸ ಕಂಪೈಲರ್ ತಾನಾಗಿ ಮಾಡಿದ ತಪ್ಪು ಒಂದೂ ಇಲ್ಲ. ಹಳೆಯದು ಕಂಡೂ ಕಾಣದಂತೆ ಬಿಟ್ಟದ್ದನ್ನು ಇದು ಬಿಡುತ್ತಿಲ್ಲ, ಅಷ್ಟೆ. ದುರಸ್ತಿ ಮುಗಿಯುವವರೆಗೆ ಪೆಟ್ಟಿಗೆಯ ಕೆಂಪು ಅಂಕಿ ನೋಡಿ ಚೀಟಿಯನ್ನು ಕೈಯಲ್ಲೇ ಬರೆಯಬಹುದು. ತೂಕ ಮಾಡುವುದು ಪೆಟ್ಟಿಗೆಯೇ ಹೊರತು ಕಂಪ್ಯೂಟರಲ್ಲ.