ಅಲೆಕ್ಸಾಂಡ್ರಿಯದ ಮಳೆಗೂ ಹೆಸರಿದೆ

ಈ ಜನವರಿಯಲ್ಲಿ ನಮ್ಮನ್ನು ಈಜಿಪ್ಟಿಗೆ ಕರೆದೊಯ್ದ ಪ್ರವಾಸಿ ಸಂಸ್ಥೆಯವರಿಗೆ ನಮಸ್ಕಾರ.

ಸಂಕ್ರಾಂತಿ ಮುಗಿದ ನಾಲ್ಕನೇ ದಿನ, 19ರಂದು, ನಿಮ್ಮ ಬಸ್ಸಿನಲ್ಲಿ ಕೈರೋದಿಂದ ಅಲೆಕ್ಸಾಂಡ್ರಿಯಕ್ಕೆ ಹೊರಟೆವು. ನಿಮ್ಮ ಕರಪತ್ರದಲ್ಲಿ ನೀಲಿ ಕಡಲಿತ್ತು, ‘ವರ್ಷವಿಡೀ ಹಿತವಾದ ಬಿಸಿಲು’ ಎಂದು ಬರೆದಿತ್ತು. ಇನ್ನೂರು ಚಿಲ್ಲರೆ ಕಿಲೋಮೀಟರ್ ದಾಟಿ ಕಡಲಂಚಿನ ಕಾರ್ನಿಷ್ ರಸ್ತೆಗೆ ಬಂದರೆ, ತಡೆಗೋಡೆ ಹಾರಿ ಬಂದ ಅಲೆ ಬಸ್ಸಿನ ಗಾಜಿಗೇ ಅಪ್ಪಳಿಸಿತು. ನಮ್ಮತ್ತೆಗೆ 68 ವರ್ಷ. ಉಟ್ಟಿದ್ದು ಕಾಟನ್ ಸೀರೆ, ಕಾಲಲ್ಲಿ ಹವಾಯಿ ಚಪ್ಪಲಿ. ಕೈತ್‌ಬೇ ಕೋಟೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಸೀರೆಯ ನೆರಿಗೆ ಮೊಣಕಾಲವರೆಗೂ ತೊಯ್ದು ಕಾಲಿಗೆ ಅಂಟಿಕೊಂಡಿತ್ತು. ರಾತ್ರಿ ಕೋಣೆಯಲ್ಲಿ ಹೀಟರ್ ಇರಲಿಲ್ಲ. ಹೊರಗೆ ಒಂಬತ್ತು ಡಿಗ್ರಿ. ಎರಡು ಕಂಬಳಿ ಹೊದ್ದರೂ ಅವರ ನಡುಕ ನಿಲ್ಲಲಿಲ್ಲ.

ಮಳೆ ಬಂದದ್ದಕ್ಕೆ ನಿಮ್ಮ ಮೇಲೆ ಕೋಪವಿಲ್ಲ. ಬರುತ್ತದೆಂದು ಊರಿಗೆಲ್ಲ ಗೊತ್ತಿದ್ದದ್ದನ್ನು ನಮಗೆ ಹೇಳದೆ ಕರೆತಂದಿರಲ್ಲ, ಅದಕ್ಕೆ ಕೋಪ.

ನಮ್ಮ ರೈತರು ಆರಿದ್ರ, ಮಖೆ, ಸ್ವಾತಿ ಎಂದು ಮಳೆಯನ್ನು ಹೆಸರಿಟ್ಟು ಕರೆಯುವಂತೆ ಅಲ್ಲಿಯ ಬೆಸ್ತರೂ ಕರೆಯುತ್ತಾರೆ. ಚಳಿಗಾಲದ ಗಾಳಿಮಳೆಗೆ ಅವರ ಮಾತು ‘ನವ್ವಾ’. ನವೆಂಬರ್ ನಡುವಿಗೆ ‘ಮಕ್ನಸಾ’, ಅಂದರೆ ಪೊರಕೆ, ಬೀದಿ ಗುಡಿಸುವ ಮಳೆ. ಡಿಸೆಂಬರ್ ಮೊದಲ ವಾರ ‘ಕಾಸಿಂ’. ಜನವರಿ 12ರ ಆಸುಪಾಸಿನದು ದೊಡ್ಡ ಪ್ರವಾಹದ ಮಳೆ. ತಿಂಗಳ ಕೊನೆಗೆ ‘ಕರಮ್’, ಔದಾರ್ಯ. ನಾವು ತೊಯ್ದದ್ದು ‘ಘಿತಾಸ್’ ಮಳೆಯಲ್ಲಿ. ಅದೇ ದಿನ ಕಾಪ್ಟಿಕ್ ಕ್ರೈಸ್ತರ ಘಿತಾಸ್ ಹಬ್ಬ. ತರಕಾರಿ ಅಂಗಡಿಯ ಮುಂದೆ ಕೆಸುವಿನ ಗೆಡ್ಡೆಯ ರಾಶಿ, ಪಕ್ಕದಲ್ಲಿ ಒರಗಿಸಿಟ್ಟ ಕಬ್ಬು. ಅದನ್ನು ನೋಡಿದ್ದೇ ನಮ್ಮತ್ತೆ ಚಳಿ ಮರೆತು, “ಇಲ್ಲೂ ಸಂಕ್ರಾಂತಿಯೇನೇ?” ಎಂದರು. ಇಂಥ ಹಬ್ಬದ ದಿನ ಅಲ್ಲಿದ್ದೆವೆಂದು ನಿಮ್ಮವರು ಯಾರೂ ಹೇಳಲಿಲ್ಲ. ಅಂಗಡಿಯವನು ಹೇಳಿದ.

ದಿನಾಂಕ ಒಂದೆರಡು ದಿನ ಹಿಂದುಮುಂದಾಗಬಹುದು, ಒಮ್ಮೊಮ್ಮೆ ಮಳೆಯೇ ಕೈಕೊಡಬಹುದು. ಆದರೆ ಚಳಿಗಾಲದಲ್ಲಿ ವಾಯುಭಾರ ಕುಸಿತಗಳು ಮೆಡಿಟರೇನಿಯನ್ ಉದ್ದಕ್ಕೂ ಪೂರ್ವಕ್ಕೆ ಸಾಗುವುದು ತಪ್ಪದು. ವರ್ಷಕ್ಕೆ ಸುಮಾರು 200 ಮಿ.ಮೀ. ಮಳೆ, ಬೆಂಗಳೂರಿನ ಒಂದು ಸೆಪ್ಟೆಂಬರಿಗೆ ಹೆಚ್ಚುಕಡಿಮೆ ಸಮ. ಬಹುಪಾಲು ಈ ಕೆಲವೇ ತಿಂಗಳಲ್ಲಿ ಸುರಿದುಬಿಡುತ್ತದೆ, ಬೇಸಿಗೆಯಲ್ಲಿ ಹನಿಯೂ ಇಲ್ಲ. 2015ರ ಅಕ್ಟೋಬರಿನಲ್ಲಿ ನೀರು ನಿಂತ ಬೀದಿಯಲ್ಲಿ ಕರೆಂಟು ಹೊಡೆದು ಜನ ಸತ್ತದ್ದೂ ಇದೇ ಊರಿನಲ್ಲಿ. ವಯಸ್ಸಾದವರನ್ನು ಕರೆತರುವವರಿಗೆ ಇದು ತಿಳಿದಿರಬೇಡವೆ?

ನಿಜ ಹೇಳಲೇ? ಆ ಊರು ನನಗೆ ತುಂಬ ಹಿಡಿಸಿತು. ಮರುದಿನ ಮೋಡ ಹರಿದಾಗ ಪೂರ್ವ ಬಂದರಿನಲ್ಲಿ ಬಣ್ಣದ ದೋಣಿಗಳು ಒಂದಕ್ಕೊಂದು ಕಟ್ಟಿಕೊಂಡು ತೂಗುತ್ತಿದ್ದವು. ಗಾಡಿಯವನು ಒಲೆಯಿಂದ ತೆಗೆದ ಗೆಣಸನ್ನು ಸೀಳಿ ಕಾಗದದಲ್ಲಿ ಸುತ್ತಿ ಕೊಟ್ಟ. ಕಾಫಿ ಅಂಗಡಿಯಲ್ಲಿ ಬಿಸಿ ಸಹ್ಲಬ್ ಸಿಕ್ಕಿತು: ಗಟ್ಟಿ ಹಾಲು, ಮೇಲೆ ಕೊಬ್ಬರಿ ತುರಿ, ದಾಲ್ಚಿನ್ನಿ ಪುಡಿ. ನಮ್ಮತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡರು. ಅಷ್ಟರಲ್ಲಿ ನಿಮ್ಮ ಮ್ಯಾನೇಜರ್ ಬಸ್ಸಿನ ಹಾರ್ನ್ ಹೊಡೆಸಿದರು.

ಮುಂದಿನ ಕರಪತ್ರದಲ್ಲಿ ಆ ನೀಲಿ ಚಿತ್ರದ ಕೆಳಗೆ ನವ್ವಾಗಳ ಹೆಸರು, ದಿನಾಂಕ ಅಚ್ಚು ಹಾಕಿಸಿ. ಹೀಟರ್ ಇರುವ ಕೋಣೆ ನೋಡಿ. ಛತ್ರಿ ತನ್ನಿ ಎನ್ನಬೇಡಿ, ಆ ಗಾಳಿಗೆ ಮಗುಚಿಕೊಳ್ಳುತ್ತದೆ. ರೇನ್‌ಕೋಟು, ಸ್ವೆಟರು, ಬೂಟು ಎಂದು ಬರೆಯಿರಿ. ಸಹ್ಲಬ್ ಕುಡಿಯಲು ಅರ್ಧ ಗಂಟೆ ಬಿಡಿ.